ಕಲಿಯುವ ಕೈಗೆ ಯಾರ ಕಣ್ಣು?

2023ರ ಮೇ ಕೊನೆಗೆ ಮುಂಬೈನ ಜೆ.ಜೆ. ಆಸ್ಪತ್ರೆಯ ಕಣ್ಣಿನ ವಿಭಾಗದ ರೆಸಿಡೆಂಟ್ ಡಾಕ್ಟರುಗಳು, ಅಂದರೆ ಎಂಬಿಬಿಎಸ್ ಮುಗಿಸಿ ಸ್ಪೆಷಲಿಸ್ಟ್ ಆಗಲು ಕಲಿಯುತ್ತಿರುವವರು, ಮುಷ್ಕರ ಹೂಡಿದರು. ನಮಗೆ ಆಪರೇಷನ್ ಮಾಡಲು ಕೊಡುವುದೇ ಇಲ್ಲ, ಮತ್ತೆ ಕಲಿಯುವುದು ಹೇಗೆ ಎಂಬುದು ಅವರ ಮುಖ್ಯ ದೂರುಗಳಲ್ಲಿ ಒಂದು. ವಿಭಾಗದ ಹಿರಿಯರು ಆರೋಪ ಒಪ್ಪಲಿಲ್ಲ. ರಾಜೀನಾಮೆಗಳಾದವು, ಕೆಲವು ದಿನ ಪೇಪರಿನಲ್ಲಿ ಬಂತು, ಆಮೇಲೆ ತಣ್ಣಗಾಯಿತು. ಅಲ್ಲಿ ಯಾರದು ಸರಿ ಎಂದು ತೀರ್ಪು ಕೊಡುವುದು ಈ ಲೇಖನದ ಕೆಲಸ ಅಲ್ಲ. ಆದರೆ ಅವರು ಎತ್ತಿದ ಪ್ರಶ್ನೆ ಮಾತ್ರ ಗಟ್ಟಿಯಾದದ್ದು.

ಸುದ್ದಿ ಓದಿದ ಎಷ್ಟೋ ಜನ 'ಕೊಡದಿದ್ದದ್ದೇ ಒಳ್ಳೆಯದಾಯಿತು, ಹುಡುಗರ ಕೈಗೆ ಕಣ್ಣು ಕೊಡುವುದುಂಟಾ' ಎಂದುಕೊಂಡಿರಬಹುದು. ಸಹಜವೇ. ತನ್ನ ಕಣ್ಣಿನ ಮೇಲೆ ಯಾರೂ ಕಲಿಯುವುದು ಬೇಡ ಅಂತ ಎಲ್ಲರಿಗೂ ಅನ್ನಿಸುತ್ತದೆ. ತೊಂದರೆ ಏನೆಂದರೆ, ಇವತ್ತು ಕಲಿಯದ ರೆಸಿಡೆಂಟ್ ಮೂರು ವರ್ಷ ಮುಗಿಸಿ ಡಿಗ್ರಿ ಹಿಡಿದುಕೊಂಡು ಹೊರಗೆ ಬರುತ್ತಾನೆ. ಡಿಗ್ರಿ ಇದ್ದವನನ್ನು ಆಪರೇಷನ್ ಮಾಡಬೇಡ ಅನ್ನುವವರಿಲ್ಲ. ಗುರುಗಳ ಎದುರು ಮಾಡಬೇಕಿದ್ದ ಮೊದಲ ಐವತ್ತು ನೂರು ಕೇಸುಗಳನ್ನು ಆತ ಯಾವುದೋ ತಾಲೂಕಿನ ಸಣ್ಣ ಆಸ್ಪತ್ರೆಯಲ್ಲಿ, ಪಕ್ಕದಲ್ಲಿ ಯಾರೂ ಇಲ್ಲದೆ ಮಾಡುತ್ತಾನೆ. ಕಲಿಕೆಯ ಅಪಾಯ ಎಲ್ಲೂ ಹೋಗಲಿಲ್ಲ, ಊರು ಬದಲಾಯಿತು ಅಷ್ಟೆ.

ಅಪಾಯ ಎಷ್ಟು ದೊಡ್ಡದು? ಕಣ್ಣಿನ ಆಪರೇಷನ್‌ಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಆಗುವುದು ಪೊರೆಯದ್ದು, ಮುಂಬೈಯವರ ಬಾಯಲ್ಲಿ ಮೋತಿಬಿಂದು. ಪಾಪೆಯ ಹಿಂದೆ ನಮ್ಮ ಮಸೂರ ಒಂದು ತೆಳು ಚೀಲದೊಳಗೆ ಕೂತಿರುತ್ತದೆ. ಸರ್ಜನ್ ಆ ಚೀಲದ ಮುಂಭಾಗದಲ್ಲಿ ದುಂಡಗೆ ಒಂದು ಕಿಂಡಿ ತೆಗೆಯುತ್ತಾರೆ, ಮಬ್ಬಾದ ಮಸೂರವನ್ನು ಒಡೆದು ಹೀರುತ್ತಾರೆ, ಖಾಲಿಯಾದ ಚೀಲದಲ್ಲಿ ಹೊಸ ಲೆನ್ಸ್ ಕೂರಿಸುತ್ತಾರೆ. ಚೀಲದ ಹಿಂಗೋಡೆಯ ದಪ್ಪ ಸುಮಾರು 4 ಮೈಕ್ರಾನ್. ನಮ್ಮ ತಲೆಕೂದಲೇ ಅದರ ಹತ್ತು ಪಟ್ಟಿಗಿಂತ ದಪ್ಪ. ಆ ಗೋಡೆ ಹರಿದರೆ ಹಿಂದಿರುವ ಲೋಳೆ ಮುಂದಕ್ಕೆ ನುಗ್ಗುತ್ತದೆ, ಕೆಲವೊಮ್ಮೆ ಮಸೂರದ ಚೂರು ಕಣ್ಣಿನ ತಳಕ್ಕೆ ಬಿದ್ದುಬಿಡುತ್ತದೆ. ಆಮೇಲೆ ರೆಟಿನಾ (ಕಣ್ಣಿನ ಹಿಂಬದಿಯ ಪರದೆ) ಸರ್ಜನ್ ಬಂದು ಇನ್ನೊಂದು ಆಪರೇಷನ್ ಮಾಡಬೇಕು.

ಬ್ರಿಟನ್ನಿನಲ್ಲಿ ಇದರ ಲೆಕ್ಕ ಇಟ್ಟಿದ್ದಾರೆ. 2009ರಲ್ಲಿ ಪ್ರಕಟವಾದ 55,567 ಆಪರೇಷನ್‌ಗಳ ಲೆಕ್ಕದಲ್ಲಿ ಈ ಗೋಡೆ ಹರಿದದ್ದು ನೂರಕ್ಕೆ ಸುಮಾರು ಎರಡು ಕಣ್ಣಿನಲ್ಲಿ. ತೀರಾ ಕಿರಿಯ ಡಾಕ್ಟರುಗಳ ಕೈಯಲ್ಲಿ ಅದರ ಸಂಭವ ಹಿರಿಯರಿಗಿಂತ ಮೂರೂವರೆ ಪಟ್ಟಿಗೂ ಜಾಸ್ತಿ. ತಡಿಯಿರಿ, ಹೆದರಬೇಡಿ. ಅದೇ ದೇಶದಲ್ಲಿ ಕಂಪ್ಯೂಟರ್ ಸಿಮ್ಯುಲೇಟರ್ ಬಂದ ಮೇಲಿನ ಲೆಕ್ಕವೂ ಇದೆ. ಮೊದಲ ಎರಡು ವರ್ಷದ ಟ್ರೈನಿಗಳ ಕೈಯಲ್ಲಿ ಗೋಡೆ ಹರಿಯುವುದು 4.2% ಇದ್ದದ್ದು 2.6%ಕ್ಕೆ ಇಳಿಯಿತು. ಇದು 2020ರಲ್ಲಿ ಪ್ರಕಟವಾದದ್ದು. ಅಂದರೆ ಕಲಿಕೆಯ ಬೆಲೆ ಎಷ್ಟು ಎನ್ನುವುದು ಹಣೆಬರಹ ಅಲ್ಲ. ಹೇಗೆ ಕಲಿಸುತ್ತೇವೆ ಎಂಬುದರ ಮೇಲೆ ಅದು ಬಹಳಷ್ಟು ನಿಂತಿದೆ.

ಇಲ್ಲಿ ಮುಂಬೈ ಪುಣೆಗಳ ಕಾಲೇಜು ಆಸ್ಪತ್ರೆಗಳಲ್ಲೂ ರೆಸಿಡೆಂಟ್ ಕಲಿಕೆಗೆ ಒಂದು ದಾರಿ ಅಂತ ಇದೆ. ಮೊದಲು ಮಟನ್ ಅಂಗಡಿಯಿಂದ ತಂದ ಮೇಕೆ ಕಣ್ಣು. ಮೇಕೆಯ ಚೀಲ ನಮ್ಮದಕ್ಕಿಂತ ದಪ್ಪ, ಎಳೆದರೆ ರಬ್ಬರಿನ ಹಾಗೆ ಬರುತ್ತದೆ. ಆದ್ದರಿಂದ ಹೊಲಿಗೆ, ಗಾಯದ ಬಾಯಿ ಮಾಡುವುದನ್ನು ಅದರಲ್ಲಿ ಕಲಿಯಬಹುದು, ಕಿಂಡಿ ತೆಗೆಯುವುದನ್ನು ಪೂರ್ತಿ ಕಲಿಯಲಾಗದು. ಆಮೇಲೆ ನಿಜವಾದ ಕಣ್ಣು, ಅದೂ ಹಿಂದುಮುಂದಾಗಿ. ಮೊದಲ ಕೆಲವು ಕೇಸುಗಳಲ್ಲಿ ಹಿರಿಯರೇ ಎಲ್ಲ ಮಾಡಿ, ಕೊನೆಯಲ್ಲಿ ಲೆನ್ಸ್ ಕೂರಿಸುವುದನ್ನು ಮಾತ್ರ ಕಿರಿಯರಿಗೆ ಬಿಡುತ್ತಾರೆ. ಅದು ಕೈಗೆ ಕೂತ ಮೇಲೆ ಅದರ ಹಿಂದಿನ ಹಂತ, ಆಮೇಲೆ ಇನ್ನೂ ಹಿಂದಿನದು. ಒಕ್ಕಣ್ಣಿನವರನ್ನು, ಗಟ್ಟಿ ಕಂದು ಪೊರೆಯವರನ್ನು ಹೊಸಬರಿಗೆ ಕೊಡುವುದಿಲ್ಲ. ಎಲ್ಲ ಕಡೆ ಹೀಗೇ ನಡೆಯುತ್ತದೆ ಎಂದಲ್ಲ. ಆದರೆ ಸರಿಯಾದ ದಾರಿ ಯಾವುದು ಎಂಬ ಬಗ್ಗೆ ಗೊಂದಲವಿಲ್ಲ. ಮುಖ್ಯವಾಗಿ, ಕೈ ತಪ್ಪಿದರೆ ಹಿಡಿಯುವ ಇನ್ನೊಂದು ಕೈ ಪಕ್ಕದಲ್ಲೇ ಇರುತ್ತದೆ.

ಕಣ್ಣಿನ ಆಪರೇಷನ್ನಿನ ಒಂದು ಸೂಕ್ಷ್ಮ ಹೇಳಲೇಬೇಕು. ಬೇರೆ ಎಷ್ಟೋ ಆಪರೇಷನ್‌ಗಳಲ್ಲಿ ರೋಗಿಗೆ ಪ್ರಜ್ಞೆ ತಪ್ಪಿಸಿರುತ್ತಾರೆ. ಇಲ್ಲಿ ಬರೀ ಹನಿ ಹಾಕಿಯೋ ಕಣ್ಣಿನ ಬಳಿ ಇಂಜೆಕ್ಷನ್ ಕೊಟ್ಟೋ ಶುರು ಮಾಡುತ್ತಾರೆ. ರೋಗಿ ಬಟ್ಟೆಯ ಕೆಳಗೆ ಎಚ್ಚರವಾಗಿ ಮಲಗಿ ಎಲ್ಲ ಕೇಳಿಸಿಕೊಳ್ಳುತ್ತಿರುತ್ತಾನೆ. ಹಿರಿಯರು ಮೆಲ್ಲಗೆ 'ಅರೇ, ತಿಥೆ ನಕೋ' (ಅಲ್ಲಿ ಬೇಡ) ಅಂದರೆ, ನಲವತ್ತು ವರ್ಷ ಮುಂಬೈಯಲ್ಲಿ ಹೊಟೇಲು ನಡೆಸಿದ ಉಡುಪಿಯವರಿಗೆ ಅಷ್ಟು ಮರಾಠಿ ಅರ್ಥವಾಗದೆ ಇರುತ್ತದಾ? ಎದೆ ಧಸಕ್ ಅನ್ನುತ್ತದೆ, ತಲೆ ಅಲ್ಲಾಡುತ್ತದೆ, ತಲೆ ಅಲ್ಲಾಡಿದರೆ ಕೆಲಸ ಕೆಡುತ್ತದೆ. ಹಾಗಾಗಿ ಕಲಿಸುವವರು ಒಂದೋ ಬಾಯಿ ಮುಚ್ಚಿ ಸನ್ನೆಯಲ್ಲಿ ಕಲಿಸಬೇಕು, ಇಲ್ಲವೇ ಮೊದಲೇ ರೋಗಿಗೆ ಹೇಳಿರಬೇಕು. ಎರಡನೆಯದು ಸುಲಭ. ಆದರೂ ಹೆಚ್ಚಿನ ಕಡೆ ಮೊದಲನೆಯದನ್ನೇ ಆರಿಸಿಕೊಳ್ಳುತ್ತಾರೆ.

ಇಷ್ಟು ಹೊತ್ತು ಹುಡುಗರ ಮಾತಾಯಿತು. ನನಗೆ ನಿಜವಾಗಿ ಚಿಂತೆ ಇರುವುದು ಹುಡುಗರ ಬಗ್ಗೆ ಅಲ್ಲ.

ಠಾಣೆಯಲ್ಲೋ ಪುಣೆಯ ಕೋಥ್ರೂಡಿನಲ್ಲೋ ಸ್ವಂತ ಆಸ್ಪತ್ರೆ ಇರುವ, ಐವತ್ತು ದಾಟಿದ ಒಬ್ಬ ಸರ್ಜನ್ನರನ್ನು ಯೋಚಿಸಿ. ಸಾವಿರಾರು ಪೊರೆ ತೆಗೆದವರು, ಒಳ್ಳೆ ಹೆಸರು. ಒಂದು ಶನಿವಾರ ಕಾನ್ಫರೆನ್ಸಿಗೆ ಹೋಗುತ್ತಾರೆ. ಅಲ್ಲಿ ಚೀಲವೇ ಇಲ್ಲದ ಕಣ್ಣಿಗೆ ಹೊಲಿಗೆಯಿಲ್ಲದೆ ಲೆನ್ಸ್ ಕೂರಿಸುವ ಹೊಸ ವಿಧಾನ ತೋರಿಸುತ್ತಾರೆ. ಜಪಾನಿನ ಯಮಾನೆ ಎಂಬ ಸರ್ಜನ್ 2017ರಲ್ಲಿ ಪ್ರಕಟಿಸಿದ್ದು. ಲೆನ್ಸಿನ ಎರಡು ಕಾಲುಗಳನ್ನು ಸಪೂರ ಸೂಜಿಯ ತೂತಿನೊಳಗೆ ತೂರಿಸಿ, ಕಣ್ಣಿನ ಬಿಳಿಗೋಡೆಯಿಂದ ಹೊರಗೆ ಎಳೆದು, ತುದಿಗೆ ಬಿಸಿ ತಾಗಿಸಿದರೆ ಅದು ಗುಂಡಿಯ ಹಾಗೆ ಉಬ್ಬಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ವೀಡಿಯೊದಲ್ಲಿ ನೋಡಿದರೆ ಕೆಲವೇ ನಿಮಿಷದ ಕೆಲಸ. ಜಾಣತನದ ವಿಧಾನ, ಸಂಶಯವಿಲ್ಲ. ಆದರೆ ಸೂಜಿ ಹೋಗುವ ಕೋನ ಎರಡೂ ಕಡೆ ಸರಿಸಮ ಇರದಿದ್ದರೆ ಲೆನ್ಸ್ ವಾಲುತ್ತದೆ. ಒಳಗೆ ರಕ್ತ ಒಸರಬಹುದು. ರೆಟಿನಾ ಕಳಚುವ ಭಯವೂ ಇದೆ. ಸೋಮವಾರ ಬೆಳಿಗ್ಗೆ ಅಂಥದ್ದೇ ಒಂದು ಕೇಸು ಅವರ ಕ್ಲಿನಿಕ್ಕಿಗೆ ಬರುತ್ತದೆ. ಮಾಡೋಣವೇ?

ಈ ಪ್ರಶ್ನೆಗೆ ಉತ್ತರ ಕೊಡುವವರು ಅವರೊಬ್ಬರೇ. ಕಾಲೇಜಿನ ಹುಡುಗನಿಗೆ ಗೈಡ್ ಇದ್ದಾರೆ, ಲಾಗ್‌ಬುಕ್ ಇದೆ, ಪರೀಕ್ಷೆ ಇದೆ, ಬೈಯುವವರಿದ್ದಾರೆ. ಸ್ವಂತ ಆಸ್ಪತ್ರೆಯ ಧಣಿಗೆ ಯಾರಿದ್ದಾರೆ? ಓಟಿಯ ಸಿಸ್ಟರ್ 'ಸರ್, ಇದು ನಿಮ್ಮ ಮೊದಲನೆಯದು ಅಲ್ವಾ' ಎಂದು ಕೇಳುತ್ತಾಳಾ? ರೋಗಿಯಂತೂ ಕೇಳುವುದೇ ಇಲ್ಲ. ಅವರ ನೆತ್ತಿ ನರೆತದ್ದನ್ನು ನೋಡಿಯೇ ಅವನಿಗೆ ಧೈರ್ಯ. ಪೊರೆಯಲ್ಲಿ ಗಳಿಸಿದ ಹೆಸರನ್ನು ಗೊತ್ತಿಲ್ಲದ ಕೆಲಸಕ್ಕೆ ಅಡವಿಟ್ಟ ಹಾಗೆ ಇದು.

ಕಾನೂನೂ ಇಲ್ಲಿ ಬರುವುದಿಲ್ಲ. ಹೊಸ ಮಾತ್ರೆಯೊಂದು ಮಾರುಕಟ್ಟೆಗೆ ಬರಬೇಕಾದರೆ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಹಂತಹಂತವಾಗಿ ಪರೀಕ್ಷೆ ಆಗಬೇಕು, ನೈತಿಕ ಸಮಿತಿ ಒಪ್ಪಬೇಕು. ಹೊಸ ಲೆನ್ಸಿಗೆ, ಮಷಿನ್ನಿಗೆ 2017ರ ವೈದ್ಯಕೀಯ ಸಾಧನಗಳ ನಿಯಮಗಳಿವೆ. ಆದರೆ ಅದೇ ಲೆನ್ಸನ್ನು ಹೊಸ ರೀತಿಯಲ್ಲಿ ಕೂರಿಸಲು ಯಾರ ಅಪ್ಪಣೆಯೂ ಬೇಡ. ಕೈಚಳಕಕ್ಕೆ ಲೈಸೆನ್ಸ್ ಇಲ್ಲ. 2009ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಸರ್ಜನ್ನರ ಒಂದು ಗುಂಪು ಹೊಸ ಶಸ್ತ್ರಕ್ರಿಯೆಗಳನ್ನು ಹೇಗೆ ಹಂತಹಂತವಾಗಿ ಪರೀಕ್ಷಿಸಬೇಕು ಎಂದು 'ಐಡಿಯಲ್' ಹೆಸರಿನ ಚೌಕಟ್ಟು ಮುಂದಿಟ್ಟಿತು. ಒಳ್ಳೆಯ ಚೌಕಟ್ಟೇ. ಪಾಲಿಸಲೇಬೇಕು ಎಂಬ ಕಟ್ಟುಪಾಡು ಮಾತ್ರ ಇಲ್ಲ.

ಯಮಾನೆಯಂಥ ವಿಧಾನದಲ್ಲಿ ಇನ್ನೊಂದು ತೊಡಕಿದೆ. ಅಂಥ ಕೇಸು ಒಬ್ಬ ಸಾಮಾನ್ಯ ಸರ್ಜನ್ನರ ಹತ್ತಿರ ಅಪರೂಪಕ್ಕೆ ಬರುತ್ತದೆ. ಎರಡು ತಿಂಗಳಿಗೊಮ್ಮೆ ಮಾಡಿದರೆ ಕೈ ಕೂರುವುದು ಯಾವಾಗ? ಪ್ರತಿ ಸಲವೂ ಹೆಚ್ಚುಕಡಿಮೆ ಮೊದಲ ಸಲವೇ. ಇಲ್ಲಿ ನನ್ನ ಅಭಿಪ್ರಾಯ ಖಡಕ್ಕಾಗಿದೆ: ಮುಂಬೈಯಲ್ಲಿ ಕೂತವರಿಗೆ 'ನಾನೇ ಮಾಡಬೇಕಾಯಿತು' ಎಂಬ ನೆಪ ಇಲ್ಲ. ಲೋಕಲ್ ಹತ್ತಿದರೆ ಒಂದು ಗಂಟೆಯೊಳಗೆ ಆ ಕೆಲಸವನ್ನು ವಾರವಾರ ಮಾಡುವ ಇನ್ನೊಬ್ಬರು ಸಿಗುತ್ತಾರೆ. ಚೀಟಿ ಬರೆದು ಕಳಿಸಬೇಕು, ಅಷ್ಟೆ. ಬೀದರಿನಲ್ಲೋ ಸಿಂಧುದುರ್ಗದ ಒಳಗಿನ ಊರಲ್ಲೋ ಇರುವ ಡಾಕ್ಟರಿಗೆ ಇದೇ ಮಾತು ಹೇಳಲಾರೆ. ಅಲ್ಲಿ ಅವರು ಕಲಿಯದಿದ್ದರೆ ರೋಗಿ ರಾತ್ರಿ ಬಸ್ಸು ಹತ್ತಬೇಕು. ಎಷ್ಟೋ ಜನ ಹತ್ತುವುದೇ ಇಲ್ಲ, ಕುರುಡಾಗಿ ಮನೆಯಲ್ಲೇ ಉಳಿಯುತ್ತಾರೆ.

ಹಾಗೆಂದು ಹಿರಿಯರು ಹೊಸದನ್ನು ಕಲಿಯುವುದೇ ಬೇಡ ಎಂದರೆ ಅದೂ ಅನ್ಯಾಯ. ಹಳೆ ತಲೆಮಾರಿನವರಿಗೆ ಸೋಡಾಬುಡ್ಡಿ ಕನ್ನಡಕದ ಅಜ್ಜಂದಿರು ನೆನಪಿರಬೇಕು. ಪೊರೆ ತೆಗೆದ ಮೇಲೆ ಒಳಗೆ ಲೆನ್ಸ್ ಹಾಕುವ ಕ್ರಮ ಇರಲಿಲ್ಲ, ಅದಕ್ಕೇ ಆ ದಪ್ಪ ಗಾಜು. ಕಣ್ಣೊಳಗೆ ಲೆನ್ಸ್ ಇಡುವ ಕೆಲಸ ಶುರು ಮಾಡಿದ್ದು ಲಂಡನ್ನಿನ ಹ್ಯಾರಲ್ಡ್ ರಿಡ್ಲಿ, 1949ರ ನವೆಂಬರ್ 29ರಂದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ. ಯುದ್ಧದಲ್ಲಿ ಪೈಲಟ್‌ಗಳ ಕಣ್ಣಿಗೆ ವಿಮಾನದ ಪ್ಲಾಸ್ಟಿಕ್ ಚೂರು ಹೊಕ್ಕರೂ ಕಣ್ಣು ಅದನ್ನು ಸಹಿಸಿಕೊಂಡದ್ದನ್ನು ಅವರು ಗಮನಿಸಿದ್ದರು. ಆದರೆ ಲೆನ್ಸಿನ ಪವರ್ ಲೆಕ್ಕ ತಪ್ಪಿತು. ಆ ಮೊದಲ ರೋಗಿಗೆ ಆಪರೇಷನ್ ಆದ ಮೇಲೆ ಮೈನಸ್ ಹದಿನೆಂಟರಷ್ಟು ದೊಡ್ಡ ನಂಬರು ಬಂತು! ದೊಡ್ಡ ದೊಡ್ಡ ಹೆಸರಿನವರು ರಿಡ್ಲಿಯನ್ನು ಎದುರಿಸಿದರು, ವರ್ಷಗಟ್ಟಲೆ ಹತ್ತಿರ ಸೇರಿಸಲಿಲ್ಲ. ಮುಂದೆ 1990ರ ಸುಮಾರಿಗೆ ಅದೇ ಸೇಂಟ್ ಥಾಮಸ್‌ನಲ್ಲಿ ರಿಡ್ಲಿಯ ಕಣ್ಣಿಗೂ ಲೆನ್ಸ್ ಕೂರಿಸಿದರು. ಎಲ್ಲರೂ ಗೊತ್ತಿದ್ದದ್ದನ್ನೇ ಮಾಡಿಕೊಂಡಿದ್ದರೆ ನಮ್ಮ ಅಪ್ಪ ಅಮ್ಮಂದಿರು ಇಂದೂ ಸೋಡಾಬುಡ್ಡಿಯಲ್ಲೇ ಇರುತ್ತಿದ್ದರು.

ನಮಗೆ ಇನ್ನೂ ಹತ್ತಿರದ ಉದಾಹರಣೆ ಬೇಕಾ? 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಣ್ಣಿನಿಂದ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ನಾಲ್ಕು ಜನರಿಗೆ ದೃಷ್ಟಿ ಬಂತು. ಮುಂಬೈ ಸುತ್ತಲ ಡೊಂಬಿವಲಿಯಿಂದ ವಸಾಯಿವರೆಗೆ ನಮ್ಮ ಕನ್ನಡದವರೆಲ್ಲ ಆ ಸುದ್ದಿಯನ್ನು ವಾಟ್ಸಾಪಿನಲ್ಲಿ ಹಂಚಿಕೊಂಡರು. ಎರಡು ನಾಲ್ಕಾದದ್ದು ಹೇಗೆ ಎಂದು ಕೇಳಿದವರು ಕಡಿಮೆ. ಒಂದೊಂದು ಕಾರ್ನಿಯಾವನ್ನೂ (ಕಣ್ಣಿನ ಮುಂದಿನ ಪಾರದರ್ಶಕ ಭಾಗ) ಮುಂದಿನ ಪದರ, ಹಿಂದಿನ ಪದರ ಎಂದು ಬಿಡಿಸಿ, ಯಾರಿಗೆ ಯಾವುದು ಕೆಟ್ಟಿದೆಯೋ ಅಷ್ಟನ್ನೇ ಹಾಕಿದರು. ಹಿಂದೆ ಪೂರ್ತಿ ಕಾರ್ನಿಯಾವನ್ನೇ ಕತ್ತರಿಸಿ ಹೊಲಿಯುತ್ತಿದ್ದ ಸರ್ಜನ್ನರು ನಡುವಯಸ್ಸಿನಲ್ಲಿ ಈ ವಿದ್ಯೆ ಕಲಿತರು, ಆದ್ದರಿಂದ ಅದು ಸಾಧ್ಯವಾಯಿತು.

ಈ ಪದರದ ಕೆಲಸದಲ್ಲೂ ಈಚಿನ ಒಂದು ವಿಧಾನಕ್ಕೆ ಡಿಮೆಕ್ ಎನ್ನುತ್ತಾರೆ. ಅದರಲ್ಲಿ ಹಿಂದಿನ ಪದರ ಹತ್ತು ಹದಿನೈದು ಮೈಕ್ರಾನ್ ಅಷ್ಟೇ. ದಾನಿಯ ಕಾರ್ನಿಯಾದಿಂದ ಸುಲಿದ ಕೂಡಲೇ ಅದು ತಾನಾಗಿ ಸುರುಳಿ ಸುತ್ತಿಕೊಳ್ಳುತ್ತದೆ. ಅದಕ್ಕೆ ನೀಲಿ ಬಣ್ಣ ಹಾಕಿ, ಸಣ್ಣ ಕೊಳವೆಯಿಂದ ರೋಗಿಯ ಕಣ್ಣೊಳಗೆ ಬಿಟ್ಟು, ಹೊರಗಿನಿಂದ ಮೆಲ್ಲಗೆ ತಟ್ಟಿ ತಟ್ಟಿ ಬಿಡಿಸಿ, ಕೆಳಗೆ ಗಾಳಿಗುಳ್ಳೆ ಬಿಟ್ಟು ಅಂಟಿಸಬೇಕು. ಮಗುಚಿ ಕೂತರೆ ಕೆಲಸ ಕೆಟ್ಟಿತು. ಸುಲಿಯುವಾಗಲೇ ಹರಿದರೆ ಅದು ಕಸ. ಇಲ್ಲಿ ಕಲಿಕೆಯ ಬೆಲೆ ತೆರುವವರು ಇಬ್ಬರು: ಮೇಜಿನ ಮೇಲೆ ಮಲಗಿದ ರೋಗಿ, ಮತ್ತು ಸತ್ತ ಮೇಲೆ ಕಣ್ಣು ಕೊಟ್ಟವರು. ದುಃಖದ ಹೊತ್ತಿನಲ್ಲಿ ಸಹಿ ಹಾಕಿದ ಮನೆಯವರಿಗೆ ಆ ಕಣ್ಣು ಪ್ರಾಕ್ಟೀಸಿಗೆ ಹೋಯಿತು ಅಂದರೆ ಹೇಗಾಗಬೇಡ? ಕಸಿಗೆ ಲಾಯಕ್ಕಿಲ್ಲ ಎಂದು ಐ ಬ್ಯಾಂಕ್ ಬದಿಗಿಟ್ಟ ಕಾರ್ನಿಯಾಗಳು ಇರುತ್ತವೆ. ಸುಲಿಯುವುದನ್ನು ಅವುಗಳ ಮೇಲೆ ಕಲಿತು ಮುಗಿಸಬೇಕು. ಹಾಗೆ ಮಾಡುವವರಿದ್ದಾರೆ. ಎಲ್ಲರೂ ಹಾಗೆ ಮಾಡುವುದೇ ನಿಯಮವಾಗಬೇಕು.

ಈಗ ಕಹಿ ಭಾಗಕ್ಕೆ ಬರೋಣ. ಯಾರ ಕಣ್ಣಿನ ಮೇಲೆ ಕಲಿಯುತ್ತಾರೆ?

ದುಡ್ಡು ಕೊಟ್ಟು ಬರುವವರ ಕಣ್ಣಿನ ಮೇಲೆ ಅಪರೂಪ. ಶಿಬಿರದಿಂದ ಬಂದವರು, ಜನರಲ್ ವಾರ್ಡಿನವರು, ಚ್ಯಾರಿಟಿ ಆಸ್ಪತ್ರೆಯವರು. ಮೊದಲ ನೂರು ಅವರ ಮೇಲೆ, ಕೈ ಪಳಗಿದ ಮೇಲಿನ ಸಾವಿರ ಬೇರೆಯವರ ಮೇಲೆ. ಅವರಿಗೆ ಬೇರೆ ಕಡೆ ಹೋಗುವ ಶಕ್ತಿ ಇಲ್ಲ, ಪ್ರಶ್ನೆ ಕೇಳುವ ಅಭ್ಯಾಸವೂ ಇಲ್ಲ. ದೇಶದಲ್ಲಿ ಕೆಲವು ಕಡೆ ಡಾಕ್ಟರುಗಳು ಫೀ ಕಟ್ಟಿ 'ಹ್ಯಾಂಡ್ಸ್ ಆನ್' ಕೋರ್ಸು ಮಾಡುತ್ತಾರೆ, ಇಷ್ಟು ಕೇಸಿಗೆ ಇಷ್ಟು ಎಂದು ದರ ಇರುತ್ತದೆ. ಆ ಫೀಯಿಂದಲೇ ಬಡವರಿಗೆ ಪುಕ್ಕಟೆ ಆಪರೇಷನ್ ಸಾಧ್ಯವಾಗುತ್ತದೆ ಎಂಬ ವಾದವೂ ಇದೆ, ಅದನ್ನು ಸುಮ್ನೆ ತಳ್ಳಿಹಾಕಲಾರೆ. ಆದರೆ ಮಲಗಿದ ಅಜ್ಜಿಗೆ 'ನಿಮ್ಮ ಕಣ್ಣಿನ ಮೇಲೆ ಕಲಿಯಲು ಇವರು ದುಡ್ಡು ಕೊಟ್ಟಿದ್ದಾರೆ' ಎಂದು ಹೇಳಿದ್ದಾರಾ? ಹೇಳಲು ನಾಚಿಕೆ ಆಗುವಂಥ ವ್ಯವಹಾರ ಸರಿಯಲ್ಲ ಎಂದೇ ನನ್ನ ಲೆಕ್ಕ.

ಬಡವರ ಕಣ್ಣಿನ ವಿಷಯದಲ್ಲಿ ಪುಣೆಯಲ್ಲೇ ನಡೆದ ಒಂದು ಅಧ್ಯಯನ ತುಂಬ ಉಪಯೋಗದ್ದು. ಪೊರೆ ತೆಗೆಯಲು ಮಷಿನ್ನಿನ ಫೇಕೋ ಇದೆ, ಮಷಿನ್ ಬೇಡದ, ಸ್ವಲ್ಪ ದೊಡ್ಡ ಗಾಯದ, ಆದರೂ ಹೊಲಿಗೆಯಿಲ್ಲದ ಎಸ್‌ಐಸಿಎಸ್ ಇದೆ. ಪುಣೆಯ ಎಚ್.ವಿ. ದೇಸಾಯಿ ಕಣ್ಣಾಸ್ಪತ್ರೆಯಲ್ಲಿ 400 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಎರಡನ್ನೂ ಹೋಲಿಸಿದರು. 2005ರಲ್ಲಿ ಫಲಿತಾಂಶ ಪ್ರಕಟವಾಯಿತು. ಆರು ವಾರದ ನಂತರ ಕನ್ನಡಕವಿಲ್ಲದೆ 6/18 (ದೃಷ್ಟಿ ಅಳೆಯುವ ಒಂದು ಮಟ್ಟ) ಅಥವಾ ಅದಕ್ಕಿಂತ ಚೆನ್ನಾಗಿ ಕಂಡದ್ದು ಫೇಕೋದವರಲ್ಲಿ 81%, ಎಸ್‌ಐಸಿಎಸ್‌ನವರಲ್ಲಿ 71%. ಕನ್ನಡಕ ಹಾಕಿದ ಮೇಲೆ? ಎರಡರಲ್ಲೂ 98.4%.

ಇದರ ಅರ್ಥ ಫೇಕೋ ಬೇಡ ಎಂದಲ್ಲ, ಕನ್ನಡಕವಿಲ್ಲದ ಹತ್ತು ಪರ್ಸೆಂಟ್ ಸಣ್ಣ ಲಾಭವೂ ಅಲ್ಲ. ಆದರೆ ಪಳಗಿದ ಕೈಯ ಎಸ್‌ಐಸಿಎಸ್ ಸಿಗಬಹುದಾದ ರೋಗಿಗೆ ಪಳಗದ ಕೈಯ ಫೇಕೋ ಕೊಟ್ಟರೆ ಯಾರಿಗೆ ಲಾಭ ಎಂದು ಕೇಳಲೇಬೇಕಾಗುತ್ತದೆ. ಗಟ್ಟಿ ಪೊರೆ ಇದ್ದರಂತೂ ಆ ಎಸ್‌ಐಸಿಎಸ್ ಒಂದೇ ಕ್ಷೇಮ. ಅಲ್ಲಿ ಫೇಕೋ ಹಿಡಿದರೆ ಅದು ರೋಗಿಗಾಗಿ ಅಲ್ಲ, ಡಾಕ್ಟರ ಲಾಗ್‌ಬುಕ್ಕಿಗಾಗಿ.

ನಮ್ಮ ಬಿಲ್ಡಿಂಗಿನಲ್ಲಿ ಕುಂದಾಪುರದ ಕಡೆಯ ದೊಡ್ಡಮ್ಮ ಒಬ್ಬರಿದ್ದಾರೆ, ಎಪ್ಪತ್ತು ದಾಟಿದೆ. ಅವರ ಪೊರೆ ಆಪರೇಷನ್ನಿಗೆ ನಾನು ಜೊತೆಗೆ ಹೋಗಿದ್ದೆ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ, ಅದರ ಕೆಳಗೆ ಮರಾಠಿಯಲ್ಲಿ. ವಾರ್ಡಿನ ಹುಡುಗ ಪೆನ್ನಿನ ತುದಿಯಿಂದ ಜಾಗ ತೋರಿಸಿದ. ದೊಡ್ಡಮ್ಮ ಪೆನ್ನು ಹಿಡಿಯಲಿಲ್ಲ. "ಆಪರೇಷನ್ ಯಾರು ಮಾಡುವುದಂತೆ, ಕೇಳು" ಅಂದರು. ಹುಡುಗ 'ಟೀಮ್ ಕರತೇ' (ಟೀಮ್ ಮಾಡುತ್ತದೆ) ಅಂದ. "ಟೀಮಿಗೆ ಎಷ್ಟು ಕೈ ಉಂಟು? ನನಗೆ ಕಣ್ಣು ಒಂದೇ ಅಲ್ವಾ ಮಾಡುವುದು?" ನಾನು ಅದನ್ನು ಹಿಂದಿಗೆ ಮಾಡಿ ಹೇಳುವಷ್ಟರಲ್ಲಿ ಪಕ್ಕದಲ್ಲೇ ಫೈಲ್ ನೋಡುತ್ತಿದ್ದ ಯುವ ಡಾಕ್ಟರ್ ತಲೆ ಎತ್ತಿದರು. ತಾವೇ ಮಾಡುವುದು, ಸರ್ ಪಕ್ಕದಲ್ಲಿ ಇನ್ನೊಂದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಿರುತ್ತಾರೆ, ಏನಾದರೂ ಆದರೆ ಸರ್ ತಗೊಳ್ಳುತ್ತಾರೆ ಎಂದು ಹಿಂದಿಯಲ್ಲಿ ಬಿಡಿಸಿ ಹೇಳಿದರು. ದೊಡ್ಡಮ್ಮ ಸ್ವಲ್ಪ ಯೋಚಿಸಿ, "ಸರ್ ನಡುವಲ್ಲಿ ಊಟಕ್ಕೆ ಹೋಗುವುದಿಲ್ಲವಂತಾ?" ಎಂದು ಕೇಳಿಸಿದರು. ಡಾಕ್ಟರಿಗೆ ನಗು ಬಂತು. ಇಲ್ಲ ಅಂದರು. ದೊಡ್ಡಮ್ಮ ಸಹಿ ಹಾಕಿದರು.

ಹೇಳಿದರೆ ರೋಗಿಗಳು ಓಡಿಹೋಗುತ್ತಾರೆ, ಆಮೇಲೆ ಕಲಿಯುವುದು ಯಾರ ಮೇಲೆ ಎಂದು ಡಾಕ್ಟರುಗಳು ಹೇಳುವುದುಂಟು. ಕೆಲವರು ಓಡಬಹುದು. ಆದರೆ ದೊಡ್ಡಮ್ಮ ಕೇಳಿದ ಆ ಕೊನೆಯ ಪ್ರಶ್ನೆ ಇದೆಯಲ್ಲ, ಅದು ಇಡೀ ವಿಷಯದ ತಿರುಳು. ಕಲಿಯುವವರು ಮಾಡುತ್ತಾರೆ ಎಂಬುದಕ್ಕಿಂತ, ಮೇಲ್ವಿಚಾರಣೆ ಮಾಡುವವರು ಅಲ್ಲೇ ಇರುತ್ತಾರಾ ಎಂಬುದೇ ಅವರಿಗೆ ಮುಖ್ಯವಾಗಿತ್ತು.

ಕೇಳುವ ಹಕ್ಕು ನಮಗೆ ಇದೆ ಕೂಡ. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ಎಂದರೆ ಏನು ಎಂದು ಬಿಡಿಸಿ ಹೇಳಿತು. ಚಿಕಿತ್ಸೆ ಎಂಥದ್ದು, ಅದರಿಂದ ಲಾಭ ಏನು, ಬೇರೆ ದಾರಿ ಇದೆಯಾ, ದೊಡ್ಡ ಅಪಾಯಗಳು ಯಾವುವು, ಬೇಡವೆಂದರೆ ಏನಾಗುತ್ತದೆ, ಇಷ್ಟನ್ನೂ ಡಾಕ್ಟರ್ ಹೇಳಬೇಕು. ಆ ಪಟ್ಟಿಯಲ್ಲಿ 'ನಾನು ಇದನ್ನು ಎಷ್ಟು ಸಲ ಮಾಡಿದ್ದೇನೆ' ಎಂಬುದು ಇಲ್ಲ. ನನ್ನ ದೃಷ್ಟಿಯಲ್ಲಿ ಅದು ದೊಡ್ಡ ಕೊರತೆ. ಅಪಾಯ ನೂರಕ್ಕೆ ಎರಡು ಎಂದು ಪುಸ್ತಕ ಹೇಳಬಹುದು, ಆದರೆ ಈ ಕೈಯಲ್ಲಿ ಎಷ್ಟು ಎಂಬುದೇ ರೋಗಿಗೆ ಬೇಕಾದ ಲೆಕ್ಕ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಪಟ್ಟಿ ಇನ್ನೂ ಸ್ವಲ್ಪ ಮುಂದೆ ಹೋಗುತ್ತದೆ. ಚಿಕಿತ್ಸೆ ಕೊಡುವವರು ಯಾರು, ಅವರ ಹುದ್ದೆ ಏನು, ಮುಖ್ಯ ಜವಾಬ್ದಾರಿ ಯಾರದು ಎಂದು ತಿಳಿಯುವುದು, ಅದೂ ತನಗೆ ಗೊತ್ತಿರುವ ಭಾಷೆಯಲ್ಲಿ ತಿಳಿಯುವುದು ರೋಗಿಯ ಹಕ್ಕು ಎನ್ನುತ್ತದೆ ಅದು. ಹಾಗಾಗಿ 'ಟೀಮ್ ಕರತೇ' ಎಂಬುದು ಉತ್ತರವೇ ಅಲ್ಲ.

ಕಾನ್ಫರೆನ್ಸುಗಳ ಲೈವ್ ಸರ್ಜರಿ ಬಗ್ಗೆ ಎರಡು ಮಾತು. ಸಭಾಂಗಣದಲ್ಲಿ ನೂರಾರು ಡಾಕ್ಟರುಗಳು ಕೂತು ಪರದೆಯ ಮೇಲೆ ನೋಡುತ್ತಿರುತ್ತಾರೆ. ಬೇರೆ ಊರಿನಿಂದ ಬಂದ ಸರ್ಜನ್, ಗುರುತಿಲ್ಲದ ಓಟಿ, ನಡುನಡುವೆ ಪ್ರಶ್ನೆ, ಹಿಂದೆ ಮಷಿನ್ ಕಂಪನಿಯ ಬ್ಯಾನರ್. 2023ರಲ್ಲಿ ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು, ವಿಷಯ ರಾಷ್ಟ್ರೀಯ ವೈದ್ಯಕೀಯ ಆಯೋಗದ ತನಕ ಮುಟ್ಟಿತು. ರೆಕಾರ್ಡ್ ಮಾಡಿದ ವೀಡಿಯೊದಲ್ಲಿ ಕಲಿಯಲಾಗದ್ದು ಲೈವ್‌ನಲ್ಲಿ ಏನಿದೆ ಎಂದು ನನಗಂತೂ ಹೊಳೆಯುವುದಿಲ್ಲ. ರೋಮಾಂಚನ ಒಂದನ್ನು ಬಿಟ್ಟರೆ.

ಹೊಸತೆಲ್ಲ ಒಳ್ಳೆಯದು ಎಂಬ ನಂಬಿಕೆ ಕೂಡ ಈ ಕಥೆಯಲ್ಲಿ ಪಾಲುದಾರ. ಕನ್ನಡಕ ಬಿಡಿಸಲು ಕಾರ್ನಿಯಾಕ್ಕೆ ಗೀರು ಹಾಕುವ ಆಪರೇಷನ್ ಒಂದು ಕಾಲಕ್ಕೆ ಜಗತ್ತಿನಾದ್ಯಂತ ಭಾರೀ ನಡೆಯಿತು. ಅಮೆರಿಕದಲ್ಲಿ ಹತ್ತು ವರ್ಷ ಹಿಂಬಾಲಿಸಿ ನೋಡಿ 1994ರಲ್ಲಿ ವರದಿ ಬಂದಾಗ, 43% ಕಣ್ಣುಗಳ ನಂಬರು ಪ್ಲಸ್ ಕಡೆಗೆ ಒಂದು ಪಾಯಿಂಟೋ ಇನ್ನೂ ಜಾಸ್ತಿಯೋ ಜಾರಿತ್ತು. ಅದನ್ನು ಶ್ರದ್ಧೆಯಿಂದ ಕಲಿತ ಸರ್ಜನ್ನರ ಕೈಯಲ್ಲಿ ದೋಷವಿರಲಿಲ್ಲ, ವಿದ್ಯೆಯಲ್ಲೇ ಇತ್ತು. ಈಚೆಗೆ ಪೊರೆಗೆ ಬಂದ ಫೆಮ್ಟೋ ಲೇಸರ್ ನೋಡಿ. ಜಾಹೀರಾತಿನಲ್ಲಿ 'ಬ್ಲೇಡ್ ಇಲ್ಲ' ಎಂದು ಮಿನುಗುತ್ತದೆ. ಮಷಿನ್ನಿಗೆ ಕೋಟಿಗಟ್ಟಲೆ ಬೆಲೆ. 2020ರಲ್ಲಿ ಫ್ರಾನ್ಸಿನ ದೊಡ್ಡ ಟ್ರಯಲ್ ಒಂದು ಲ್ಯಾನ್ಸೆಟ್‌ನಲ್ಲಿ ಬಂತು. ಮಾಮೂಲಿ ಫೇಕೋಗಿಂತ ಅದು ಮೇಲು ಎಂದು ಸಾಬೀತಾಗಲಿಲ್ಲ, ಖರ್ಚು ಮಾತ್ರ ಜಾಸ್ತಿ. ಬ್ಯಾಂಕ್ ಸಾಲದ ಕಂತು ತಲೆಯ ಮೇಲಿರುವಾಗ ಡಾಕ್ಟರಿಗೆ ಯಾವ ಕಣ್ಣು ನೋಡಿದರೂ ಲೇಸರಿಗೆ ಲಾಯಕ್ಕು ಎಂದೇ ಕಾಣುವ ಅಪಾಯವಿದೆ. ಇದು ದುಷ್ಟತನ ಅಂತಲ್ಲ, ಮನುಷ್ಯರ ಸ್ವಭಾವ.

ಸರಿಯಾಗಿ ಕಲಿಯುವ ಹಿರಿಯರೂ ಇದ್ದಾರೆ. ಅವರು ಏನು ಮಾಡುತ್ತಾರೆ ಎಂದರೆ, ಗೊತ್ತಿರುವವರ ಓಟಿಗೆ ಹೋಗಿ ಬರೀ ನಿಂತು ನೋಡುತ್ತಾರೆ. ಮೊದಲ ಕೆಲವು ಕೇಸಿಗೆ ಆ ಗೊತ್ತಿರುವವರನ್ನೇ ತಮ್ಮ ಓಟಿಗೆ ಕರೆಸಿ ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಾರೆ, ತಮಗಿಂತ ಹತ್ತು ವರ್ಷ ಚಿಕ್ಕವರಾದರೂ ಸರಿ. ಸುಲಭದ ಕಣ್ಣು ಆರಿಸುತ್ತಾರೆ. ರೋಗಿಗೆ 'ಇದು ನನಗೆ ಹೊಸದು, ಹಳೆಯ ರೀತಿಯಲ್ಲೂ ಮಾಡಬಹುದು, ನಿಮ್ಮ ಇಷ್ಟ' ಎನ್ನುತ್ತಾರೆ. ನಡುವೆ ಕೆಡುತ್ತಿದೆ ಎನಿಸಿದರೆ ಹಟ ಹಿಡಿಯದೆ ಹಳೆಯ ವಿಧಾನಕ್ಕೆ ಹೊರಳುತ್ತಾರೆ. ಹೊಸ ವಿಧಾನ ಎಂದು ಜಾಸ್ತಿ ಚಾರ್ಜ್ ಹಾಕುವುದಿಲ್ಲ. ಈ ಕೊನೆಯದನ್ನು ಮಾಡುವವರು ತೀರಾ ಕಡಿಮೆ.

ಮುಂಬೈಯ ನಮ್ಮ ಕನ್ನಡ ಸಂಘಗಳಿಗೆ ಇಲ್ಲಿ ಒಂದು ಕೆಲಸ ಇದೆ. ಭಾನುವಾರದ ಉಚಿತ ನೇತ್ರ ತಪಾಸಣೆ ಶಿಬಿರ ಮಾಡದ ಸಂಘ ಇಲ್ಲ. ಹಾರ, ಶಾಲು, ಭಾಷಣ ಎಲ್ಲ ಆಗುತ್ತದೆ. ಪೊರೆ ಇದ್ದ ಹಿರಿಯರ ಪಟ್ಟಿ ಆಸ್ಪತ್ರೆಗೆ ಹೋಗುತ್ತದೆ. ಆ ಪಟ್ಟಿ ಕೊಡುವ ಮೊದಲು ಪದಾಧಿಕಾರಿಗಳು ಆಸ್ಪತ್ರೆಯವರ ಜೊತೆ ಹತ್ತು ನಿಮಿಷ ಕೂರಬೇಕು. ಇವರಿಗೆ ಆಪರೇಷನ್ ಮಾಡುವವರು ಯಾರು, ಕಲಿಯುವವರಾದರೆ ಪಕ್ಕದಲ್ಲಿ ಯಾರಿರುತ್ತಾರೆ, ಯಾವ ವಿಧಾನ, ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಲು ನಮ್ಮ ಕಡೆಯವರೊಬ್ಬರನ್ನು ಬಿಡುತ್ತೀರಾ ಎಂದು ಕೇಳಬೇಕು. ಒಳ್ಳೆಯ ಆಸ್ಪತ್ರೆಗಳು ಬೇಸರ ಮಾಡಿಕೊಳ್ಳುವುದಿಲ್ಲ. ಬೇಸರ ಮಾಡಿಕೊಂಡರೆ ಅದೇ ಒಂದು ಉತ್ತರ.

ಇನ್ನೊಂದನ್ನು ಬರೆಸಿಯೇ ಇಟ್ಟುಕೊಳ್ಳಬೇಕು, ದುಡ್ಡಿನ ಮಾತು. ಚೂರು ಒಳಗೆ ಬಿದ್ದು ರೆಟಿನಾ ಸರ್ಜನ್ ಬೇಕಾದರೆ ಆ ಎರಡನೆಯ ಆಪರೇಷನ್ನಿನ ಬಿಲ್ಲು ಯಾರದು? ಪುಕ್ಕಟೆ ಎಂದು ಬಂದವರ ಮಗ ಆಗ ಸಾಲ ಮಾಡಬೇಕಾಗುತ್ತದೆ. ಮೊದಲ ಆಪರೇಷನ್ನಿನ ಪ್ಯಾಕೇಜಿನಲ್ಲಿ ಅದು ಸೇರಿರುವುದು ಅಪರೂಪ. ಕಲಿಕೆಯ ಲಾಭ ಆಸ್ಪತ್ರೆಗೆ, ಡಾಕ್ಟರಿಗೆ, ಮುಂದಿನ ರೋಗಿಗಳಿಗೆ ಹೋಗುವಾಗ ಆ ಬಿಲ್ಲನ್ನು ಆಸ್ಪತ್ರೆಯೇ ಹೊರಬೇಕು ಎಂದು ಸಂಘದವರು ಶಿಬಿರದ ಕಾಗದದಲ್ಲೇ ಒಂದು ಸಾಲು ಸೇರಿಸಲಿ. ತಪ್ಪು ಯಾರದು ಎಂಬ ಜಗಳವೇ ಬೇಡ, ಕಲಿಯುವ ಕೇಸಾಗಿತ್ತಾ ಇಲ್ಲವಾ ಎಂದು ನೋಡಿದರೆ ಸಾಕು.